ಸಂಘದ ಗಾಲಿ

"ಮಕ್ಕಳ ಗಾಡಿ ಅಂದ್ರ ಹಿಂಗಿರಬೇಕ್ ನೋಡ್ರಿ!"

ಆರ್‌ಟಿಒ ಇನ್‌ಸ್ಪೆಕ್ಟರ್ ಓಮ್ನಿ ವ್ಯಾನಿನ ಮುಂದಿನ ಗಾಲಿಗೆ ಬೂಟಿನಿಂದ ಒದ್ದರು. ಬಗ್ಗಿ ಟೈರಿನ ಗೀರುಗಳೊಳಗೆ ಬೆರಳಿಟ್ಟು ನೋಡಿದರು. ಆಮೇಲೆ ಸಾಲಿನಲ್ಲಿ ಕಾಯುತ್ತಿದ್ದವರಿಗೆಲ್ಲ ಕೇಳುವಂತೆ, "ಹೆಣ್ಣಮಗಳು ಎಷ್ಟ್ ಛಂದ ಇಟ್ಕೊಂಡಾರ. ನೀವೂ ಅದೀರಿ, ಬೋಳ ಟೈರ್ ತಗೊಂಡ್ ಬರ್ತೀರಿ," ಎಂದರು.

ಗಾಡಿಯ ಒಡತಿ ರಾಜೇಶ್ವರಿ ತಲೆ ಎತ್ತಲಿಲ್ಲ. ಜೊತೆಗೆ ಬಂದಿದ್ದ ಪಂಕ್ಚರ್ ಅಂಗಡಿಯ ನಿಂಗಣ್ಣ ಟವೆಲಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದ. ಅವನು ಬಂದದ್ದೇ ಆ ಗಾಲಿಗಳ ಕಾವಲಿಗೆ.

ಆ ನಾಲ್ಕು ಗಾಲಿ ಅವಳವಲ್ಲ. ಬನಹಟ್ಟಿಯ ಅವರ ಸ್ಟ್ಯಾಂಡಿನಲ್ಲಿ ಶಾಲೆಯ ಮಕ್ಕಳನ್ನು ಸಾಗಿಸುವ ಗಾಡಿಗಳೆಲ್ಲ ಓಮ್ನಿಗಳೇ, ಎಲ್ಲವೂ ಎರಡು ಮೂರು ಕೈ ದಾಟಿ ಬಂದವು. ವರ್ಷಕ್ಕೊಮ್ಮೆ ಎಫ್‌ಸಿ ಆಗಬೇಕು. ಅಂದರೆ ಈ ಗಾಡಿ ರಸ್ತೆಗೆ ಯೋಗ್ಯ ಎಂದು ಸರ್ಕಾರ ಕಾಗದ ಕೊಡಬೇಕು. ಪ್ರತಿ ಗಾಡಿಗೂ ಹೊಸ ಟೈರು ಕೊಳ್ಳುವುದು ಯಾರಿಂದಾದೀತು? ಹಾಗಾಗಿ ಚಾಲಕರ ಸಂಘದವರೆಲ್ಲ ಪಟ್ಟಿ ಎತ್ತಿ, ದುಡ್ಡು ಕೂಡಿಸಿ, ನಾಲ್ಕೇ ನಾಲ್ಕು ಹೊಸ ಗಾಲಿ ಮಾಡಿಸಿ ನಿಂಗಣ್ಣನ ಅಂಗಡಿಯಲ್ಲಿಟ್ಟಿದ್ದರು. ಯಾರ ಎಫ್‌ಸಿ ಇದೆಯೋ ಅವರ ಗಾಡಿಗೆ ಹಿಂದಿನ ದಿನವೇ ಹಾಕುವುದು, ಪಾಸಾಗಿ ಬಂದ ಮೇಲೆ ಬಿಚ್ಚಿಡುವುದು. ಅವುಗಳಿಗೆ ಸಂಘದ ಗಾಲಿ ಎಂದೇ ಹೆಸರು. ಇಡೀ ಸ್ಟ್ಯಾಂಡು ಈ ಉಪಾಯದ ಬಗ್ಗೆ ಮೀಸೆ ತಿರುವುತ್ತಿತ್ತು.

ರಾಜೇಶ್ವರಿಯ ಓಮ್ನಿಯೂ ಹೀಗೇ ಪಾಸಾಗುತ್ತ ಬಂದಿತ್ತು. ರಬಕವಿಯ ನೂಲಿನ ವ್ಯಾಪಾರಿಯೊಬ್ಬರು ಸಾಕಾಗಿ ಮಾರಿದ ಗಾಡಿ ಅದು. ಮೊದಲ ವರ್ಷ ಅದರ ಹೆಡ್‌ಲೈಟು ಪಕ್ಕದ ಗಾಡಿಯದು. ಮರುವರ್ಷ ಹ್ಯಾಂಡ್‌ಬ್ರೇಕನ್ನು ಬೈಂಡಿಂಗ್ ತಂತಿಯಿಂದ ಬಿಗಿದು ಒಯ್ದಿದ್ದರು. ವರ್ಷವಿಡೀ ಕೆಮ್ಮುತ್ತ ನರಳುತ್ತ ಓಡುವ ಗಾಡಿ ಆ ಒಂದು ದಿನ ಮಾತ್ರ ಮದುಮಗಳಾಗಿ ಹೋಗಿ ಬರುತ್ತಿತ್ತು. ಇನ್ಶೂರೆನ್ಸು, ಟ್ಯಾಕ್ಸು, ಫೀಜು ಎಂದು ಕಾಗದಕ್ಕೆ ಸುರಿದ ಮೇಲೆ ಟೈರಿಗೆ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಎಂಥ ಚೆಂದದ ವ್ಯವಸ್ಥೆ! ಕಾಗದ ಹೊಸದು, ಗಾಡಿ ಹಳೆಯದು.

ಮರಳಿ ಬರುವಾಗ ಸಮೀರವಾಡಿಯ ಕಡೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಸಾಗುತ್ತಿದ್ದವು. ಮುಂದೆ ಹೋಗುತ್ತಿದ್ದ ಟ್ರೇಲರು ಗಕ್ಕನೆ ನಿಂತಿತು. ರಾಜೇಶ್ವರಿ ಬ್ರೇಕು ಒತ್ತಿದಳು. ಓಮ್ನಿ ಒತ್ತಿದಲ್ಲೇ ನಿಂತಿತು. ಅತ್ತಿತ್ತ ಅಲುಗಲಿಲ್ಲ, ಜಾರಲಿಲ್ಲ. ಅವಳಿಗೆ ನಂಬಿಕೆಯೇ ಬರಲಿಲ್ಲ.

"ಹಿಂಗೂ ನಿಲ್ಲತೈತಾ ಇದು?" ಎಂದಳು.

"ಸಾವಕಾಶ ಹೊಡೀರಿ ಅಕ್ಕಾರ," ಎಂದ ನಿಂಗಣ್ಣ. "ಹಂಗ ಬ್ರೇಕ್ ಒತ್ತಿದ್ರ ಗಾಲಿ ಸವೀತಾವು. ನಾಳಿಗಿ ಶಿದ್ರಾಮಪ್ಪ ಕಾಕಾಂದು ಎಫ್‌ಸಿ ಐತಿ."

ಅವಳ ಮೈ ಉರಿಯಿತು. ಹೋದ ವಾರ ಇದೇ ರಸ್ತೆಯಲ್ಲಿ, ಬಿದ್ದ ಕಬ್ಬು ಅರೆದು ರಸ ಹರಿದ ಕಡೆ, ಅವಳು ಇದೇ ರೀತಿ ಬ್ರೇಕು ಒತ್ತಿದ್ದಳು. ಗಾಡಿ ತುಂಬ ಮಕ್ಕಳಿದ್ದರು. ಓಮ್ನಿ ನಿಲ್ಲಲಿಲ್ಲ, ಅಡ್ಡವಾಗಿ ಜಾರುತ್ತ ಮುಂದಿನ ಟ್ರೇಲರಿನ ಅಡಿಗೇ ಹೋಗುವಂತಾಗಿ, ಕಬ್ಬಿನ ತುದಿಗಳು ಗಾಜನ್ನು ಪರಚುವಷ್ಟು ಹತ್ತಿರ ನಿಂತಿತು. ಹಿಂದಿನಿಂದ ಮಕ್ಕಳು ಚಪ್ಪಾಳೆ ಹೊಡೆದು, "ಆಂಟಿ, ಇನ್ನೊಮ್ಮೆ ಮಾಡ್ರಿ, ಇನ್ನೊಮ್ಮೆ!" ಎಂದು ಕುಣಿದಿದ್ದವು. ಈ ಮಾತನ್ನು ಅವಳು ಗಂಡ ಗೌರೀಶನಿಗೂ ಹೇಳಿರಲಿಲ್ಲ.

"ಗಾಲಿ ಸವೀತಾವು ಅಂತ ಚಿಂತಿ ನಿನಗ," ಎಂದಳು. "ಸಾಹೇಬ್ರಿಗಿ ತೋರ್ಸಾಕ ಒಂದ್ ದಿನ ಛಲೋ ಗಾಲಿ, ಮಕ್ಕಳಿಗಿ ವರ್ಷಾನುಗಟ್ಲೆ ಬೋಳ ಗಾಲಿ. ಸಾಹೇಬ್ರು ಏನ್ ನನ್ನ ಗಾಡ್ಯಾಗ ಸಾಲಿಗಿ ಹೊಂಟಾರೇನು?"

"ಅಯ್ಯ ನಿಮ್ಮ! ಎಲ್ಲಾರದೂ ಹಂಗ ನಡದೈತಿ ಬಿಡ್ರಿ. ಯಾರಿಗೇನಾಗೇತಿ?"

"ಆಗೂತನಾ ಕಾಯಬೇಕೇನೋ?"

ನಿಂಗಣ್ಣ ಕಿಟಕಿಯ ಆಚೆ ಮುಖ ತಿರುಗಿಸಿದ. ಹೆಂಗಸಿನ ಬಾಯಿಗೆ ಬಾಯಿ ಕೊಡುವುದು ಬೇಡವೆಂದು ಸುಮ್ಮನಾದನೇ ಹೊರತು ಅವಳ ಮಾತು ಅವನಿಗೆ ತಾಗಿರಲಿಲ್ಲ.

ಅಂಗಡಿಯ ಮುಂದೆ ಶಿದ್ರಾಮಪ್ಪ ತನ್ನ ಓಮ್ನಿ ತಂದು ನಿಲ್ಲಿಸಿ ಕಾಯುತ್ತಿದ್ದ. ಸ್ಟ್ಯಾಂಡಿನಲ್ಲಿ ಎಲ್ಲರಿಗಿಂತ ಹಿರಿಯ. ರಾಜೇಶ್ವರಿಗೆ ಸ್ಟೇರಿಂಗು ಹಿಡಿಯಲು ಕಲಿಸಿದವನೂ ಅವನೇ. ಸ್ಟ್ಯಾಂಡಿನ ಬೇರೆ ಗಂಡಸರು ಹೆಣ್ಣು ಗಾಡಿ ಹೊಡೆದರೆ ನಮ್ಮ ಮಾನವೇನು ಉಳಿಯಿತು ಎಂದಾಗ, ಇವನೊಬ್ಬ, "ಹೊಡೀಲಿ ಬಿಡ್ರಲೇ, ನಿಮ್ಮಪ್ಪನ ರಸ್ತಾ ಏನು?" ಎಂದು ಗದರಿಸಿದ್ದ.

"ಪಾಸ್ ಆತಾ ಯವ್ವಾ?"

"ಆತ್ರಿ ಕಾಕಾ. ಬಾಯಿ ತುಂಬ ಹೊಗಳಿದ್ರು."

ನಿಂಗಣ್ಣ ಜ್ಯಾಕು ಕೊಟ್ಟು, ಪಾನಾ ಹಾಕಿ ನಟ್ಟು ಬಿಚ್ಚಿದ. ಸಂಘದ ಗಾಲಿಗಳು ಒಂದೊಂದಾಗಿ ಶಿದ್ರಾಮಪ್ಪನ ಗಾಡಿಯ ಕಡೆ ಉರುಳಿದವು. ಆಮೇಲೆ ಅವಳ ಹಳೆಯ ಗಾಲಿಗಳನ್ನು ಗೋಡೆಯಿಂದ ಎಳೆದು ತಂದ. ಅಂಚಿನಲ್ಲಿ ರಬ್ಬರು ಹೋಗಿ ಒಳಗಿನ ತಂತಿ ಕಾಣುತ್ತಿತ್ತು.

"ಅವನ್ನ ಹಚ್ಚಬ್ಯಾಡ," ಎಂದಳು ರಾಜೇಶ್ವರಿ.

"ಮತ್ತ?"

ಅವಳು ಅಂಗಡಿಯ ಹಲಗೆಯ ಮೇಲಿದ್ದ ರಬ್ಬರು ಕೊಯ್ಯುವ ಚಾಕು ತೆಗೆದುಕೊಂಡು ಕುಕ್ಕರುಗಾಲಿನಲ್ಲಿ ಕುಳಿತು ಮೊದಲ ಟೈರಿನ ಪಕ್ಕೆಗೆ ಚುಚ್ಚಿದಳು. ಸುಲಭಕ್ಕೆ ಇಳಿಯಲಿಲ್ಲ. ಎರಡೂ ಕೈ ಹಾಕಿ, ಮೈಭಾರವನ್ನೆಲ್ಲ ಬಿಟ್ಟು ಒತ್ತಿದ ಮೇಲೆ ಪಕ್ಕೆ ಸೀಳಿತು. ಗಾಳಿ ಬುಸ್ಸೆಂದು ಹೊರಬಂತು.

"ಏ, ಏ, ಹುಚ್ಚ ಹಿಡೀತಾ ನಿಮಗ?" ನಿಂಗಣ್ಣ ಹೌಹಾರಿದ. ಅವನು ಚಾಕು ಕಸಿಯುವಷ್ಟರಲ್ಲಿ ಎರಡನೆಯದೂ ಹೋಗಿತ್ತು. ಉಳಿದೆರಡನ್ನು ಅವಳು ಅವನ ಕೈಯಿಂದ ಚಾಕು ಮರಳಿ ಕಸಿದು ಸೀಳಿದಳು.

"ಹಚ್ಚಿದ್ರ ನಾಳಿ ಮುಂಜಾನೆ ಮತ್ತ ನಾನೂ ಹೊಡಕೊಂಡ್ ಹೊಕ್ಕೇನಿ," ಎಂದಳು, ಏದುಸಿರು ಬಿಡುತ್ತ. "ನನ್ನ ಮ್ಯಾಲ ನನಗ ಭರೋಸಾ ಇಲ್ಲ."

"ಯವ್ವಾ," ಎಂದ ಶಿದ್ರಾಮಪ್ಪ ಮೆಲ್ಲಗೆ, "ನಿನ್ನ ಹೊಟ್ಟಿ ಮ್ಯಾಲ ನೀನ ಹೊಡಕೊಂಡಂಗಾತು."

ಆಗ ಅವಳು ಎಲ್ಲ ಹೇಳಿದಳು. ಜಾರಿದ್ದು, ಟ್ರೇಲರಿನ ಅಡಿ ಹೋಗುವಂತಾದದ್ದು, ಮಕ್ಕಳು ಚಪ್ಪಾಳೆ ಹೊಡೆದದ್ದು. ಹೇಳುತ್ತ ಹೇಳುತ್ತ ಅಳು ಬಂತು. ಅಳು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಶಿದ್ರಾಮಪ್ಪ ಕೇಳಿಸಿಕೊಂಡ. ನಿಂಗಣ್ಣ ಗೊಣಗುತ್ತ ನಾಲ್ಕು ಕಲ್ಲು ತಂದು ಓಮ್ನಿಯನ್ನು ಅವುಗಳ ಮೇಲೆ ಕೂರಿಸಿದ. ಎಫ್‌ಸಿ ಆದ ಗಾಡಿ ಕಲ್ಲಿನ ಮೇಲೆ ನಿಂತಿತು.

ಗೌರೀಶ ಮಗ್ಗದ ಪಾಳಿ ಮುಗಿಸಿ ಬಂದು ಸುದ್ದಿ ಕೇಳಿ ತಲೆ ಚಚ್ಚಿಕೊಂಡ. "ಊರ ಉಸಾಬರಿ ನಿನಗ್ಯಾಕ?" ಎಂದ. ಊರಿನದಲ್ಲ, ನನ್ನ ಗಾಡಿಯಲ್ಲಿ ಕುಂತವರದು ಎಂದಳು. ಟೈರಿಗೆ ದುಡ್ಡು ಕೂಡುವವರೆಗೆ ಏನು ತಿನ್ನೋಣ ಎಂದು ಅವನು ಕೇಳಿದ.

ಮುಂಜಾನೆ ಅವಳು ನಡೆದುಕೊಂಡೇ ಮನೆಮನೆಗೆ ಹೋಗಿ ಮಕ್ಕಳನ್ನು ಕರೆದಳು. ಮೊದಲ ಮನೆಯಲ್ಲೇ ಕಸ್ತೂರೆವ್ವ ಮೊಮ್ಮಗಳ ಕೈ ಬಿಡದೆ ಬಾಗಿಲಲ್ಲಿ ನಿಂತಳು.

"ನಿನ್ನಿ ಪಾಸ್ ಆತಂತಲ್ಲ? ಕಾಗದ ಐತಿಲ್ಲೋ?"

"ಕಾಗದ ಐತ್ರಿ. ಗಾಲಿ ಇಲ್ಲ."

"ಪಾಸ್ ಆದಮ್ಯಾಗ ಗಾಲಿ ಎಲ್ಲಿಗಿ ಹೋದ್ವು? ರೊಕ್ಕಾ ತಗೊಂಡು ಹುಡುಗೋರನ್ನ ನಡಸ್ತೀಯೇನ? ಬ್ಯಾರೆ ಗಾಡಿಗಿ ಹಾಕ್ತೇವಿ ನಾವು."

"ಹಾಕ್ರಿ. ಆದ್ರ ಹಾಕೂ ಮುಂಚೆ ಬಗ್ಗಿ ಟೈರ್ ನೋಡ್ರಿ ಅಷ್ಟ."

ಕಸ್ತೂರೆವ್ವ ಬೈದುಕೊಳ್ಳುತ್ತಲೇ ಹುಡುಗಿಯನ್ನು ಕಳಿಸಿದಳು. ಎರಡು ಮನೆಯವರು ಕಳಿಸಲೇ ಇಲ್ಲ. ಉಳಿದವರನ್ನು ರಾಜೇಶ್ವರಿ ರಸ್ತೆಯಂಚಿನಲ್ಲಿ ಸಾಲಾಗಿ ನಡೆಸಿಕೊಂಡು ಹೋದಳು. ಸ್ಟ್ಯಾಂಡಿನ ಗಾಡಿಗಳು ಪಕ್ಕದಲ್ಲೇ ಹಾರ್ನು ಹೊಡೆಯುತ್ತ ಹೋದವು. ಒಬ್ಬ, "ಪಾದಯಾತ್ರಿ ಎಲ್ಲಿಗ್ರೀ ಅಕ್ಕಾರ?" ಎಂದು ಕೂಗಿ ನಕ್ಕ. ಅವಳು ಕಲ್ಲು ತೆಗೆದುಕೊಂಡು ಬೀಸುವುದೊಂದು ಬಾಕಿ.

ಸಂಜೆ ಶಾಲೆ ಬಿಟ್ಟು ಮಕ್ಕಳನ್ನು ಕರೆತರುವಾಗ ಶಿದ್ರಾಮಪ್ಪನ ಓಮ್ನಿ ಹಿಂದಿನಿಂದ ಬಂದು ನಿಂತಿತು. ಮುಂದೆ ನಿಂಗಣ್ಣ ಮುಖ ಗಂಟಿಕ್ಕಿ ಕುಳಿತಿದ್ದ.

"ಹತ್ತಸ ಯವ್ವಾ ಎಲ್ಲಾರನೂ. ಪಾಸ್ ಆತು. ಖಾಲಿನ ಹೊಂಟೇನಿ."

ಮಕ್ಕಳು ಬಾಗಿಲಿಗೆ ಮುಗಿಬಿದ್ದವು. ರಾಜೇಶ್ವರಿ ಬಾಗಿಲ ಮೇಲೆ ಕೈಯಿಟ್ಟು ತಡೆದಳು.

"ಇವತ್ತ ಹತ್ತಿಸ್ತೇನಿ ಕಾಕಾ, ಇವತ್ತ ಗಾಲಿ ಛಲೋ ಅದಾವ. ನಾಳಿಗಿ ನಿಮ್ಮ ಹುಡುಗೋರನ್ನ ಯಾವ ಗಾಲಿ ಮ್ಯಾಲ ಒಯ್ತೀರಿ?"

"ಸುರು ಆತು ನೋಡ್ರಿ," ಎಂದ ನಿಂಗಣ್ಣ. "ಈ ಕಾಕಾನೂ ಹಿಂಗ. ದಾರ್‍ಯಾಗ ಸುಮ್ಮಸುಮ್ಮನ ಬ್ರೇಕ್ ಒತ್ತಿ ಒತ್ತಿ ಗಾಲಿ ಹಾಳ ಮಾಡ್ಯಾರ."

ಶಿದ್ರಾಮಪ್ಪ ಸ್ಟೇರಿಂಗಿನ ಮೇಲಿಟ್ಟ ತನ್ನ ಕೈಗಳನ್ನು ನೋಡುತ್ತಿದ್ದ.

"ನನ್ನ ಗಾಡೀನೂ ಜಾರೇತಿ ಯವ್ವಾ," ಎಂದ. "ಒಮ್ಮಿ ಅಲ್ಲ. ನಾನ ಯಾರಿಗೂ ಹೇಳಿಲ್ಲ."

ಅವಳು ಕೈ ತೆಗೆದಳು. ಮಕ್ಕಳು ಹತ್ತಿದವು.

ಎಲ್ಲರನ್ನೂ ಮನೆಗೆ ಇಳಿಸಿ ಮೂವರೂ ಅಂಗಡಿಗೆ ಬಂದಾಗ ನಾಳೆ ಎಫ್‌ಸಿ ಇದ್ದ ಇನ್ನೊಬ್ಬ ಚಾಲಕ ಮುದಕಪ್ಪ ಕಾಯುತ್ತಿದ್ದ. ನಿಂಗಣ್ಣ ಸಂಘದ ಗಾಲಿ ಬಿಚ್ಚಿ ಅವನ ಗಾಡಿಯ ಕಡೆ ಉರುಳಿಸಿದ. ಶಿದ್ರಾಮಪ್ಪನ ಹಳೆಯ ಗಾಲಿಯೊಂದನ್ನು ಎತ್ತಿಕೊಂಡು ಬಂದು, "ಸರೀರಿ ಕಾಕಾ," ಎಂದ.

ಶಿದ್ರಾಮಪ್ಪ ಸರಿಯಲಿಲ್ಲ. ಆ ಗಾಲಿಯನ್ನು ಅವನ ಕೈಯಿಂದ ಇಸಿದುಕೊಂಡು ಗೋಡೆಗೆ ಒರಗಿಸಿದ.

"ಕಲ್ಲ ತಗೊಂಬಾ," ಎಂದ.

"ನಿಮಗೂ ಏನಾತ್ರೀ? ನಾಳಿಗಿ ನಿಮ್ಮ ಹುಡುಗೋರು?"

"ಈಕಿ ಸಂಗಾಟ ನಡಸ್ತೇನಿ. ತಗೊಂಬಾ."

ಮುದಕಪ್ಪ ತನ್ನ ಗಾಡಿಯ ಪಕ್ಕದಲ್ಲಿ ಸಂಘದ ಗಾಲಿ ಹಿಡಿದು ನಿಂತವನು ಒಮ್ಮೆ ಶಿದ್ರಾಮಪ್ಪನನ್ನು, ಒಮ್ಮೆ ರಾಜೇಶ್ವರಿಯನ್ನು ನೋಡಿದ. ನಿಂಗಣ್ಣ ಬೈದುಕೊಳ್ಳುತ್ತ ಅಂಗಡಿಯ ಹಿಂದೆ ಹೋದ. ಚಪ್ಪಟೆ ಕಲ್ಲುಗಳೆಲ್ಲ ನಿನ್ನೆಯೇ ಮುಗಿದಿದ್ದವು. ಒಂದನ್ನು ಎತ್ತಿ ನೋಡಿ, ಸಣ್ಣದಾಯಿತೆಂದು ಎಸೆದು, ಗಟಾರದ ದಂಡೆಗುಂಟ ಇನ್ನೂ ಮುಂದೆ ಹುಡುಕುತ್ತ ನಡೆದ.