ಆವರಣದೊಳಗಿನ ಮೂರು

ಅತ್ತಿಗೆ ನಾದಿನಿಯರೆಂದರೆ ಎಣ್ಣೆ ಸೀಗೆಕಾಯಿ ಎನ್ನುವವರು ಈ ಇಬ್ಬರನ್ನು ನೋಡಿರಲಿಕ್ಕಿಲ್ಲ. ಅತ್ತಿಗೆಗೆ ಬೀದಿಯ ತಿರುವಿನಲ್ಲಿ ಹೊಲಿಗೆ ಅಂಗಡಿ. ನಾದಿನಿ, ಅಂದರೆ ಗಂಡನ ತಂಗಿ, ಪ್ರೌಢಶಾಲೆಯಲ್ಲಿ ಗಣಿತದ ಮೇಡಂ. ಕೋಪ ಮೂಗಿನ ತುದಿಯಲ್ಲೇ. ಆ ಕೋಪವನ್ನು ಅತ್ತಿಗೆ ಪ್ರತಿ ಸಂಜೆ ತಾನಾಗಿಯೇ ಹೋಗಿ ಮೈಮೇಲೆ ಎಳೆದುಕೊಳ್ಳುತ್ತಿದ್ದಳು.

ಕಾರಣವಿತ್ತು. ಹೊಲಿಗೆ ತರಬೇತಿ ಕೇಂದ್ರದಲ್ಲಿ ಶಿಕ್ಷಕಿಯ ಜಾಗ ಖಾಲಿಯಿತ್ತು. ಅವಳ ಕೈಚಳಕ ನೋಡಿದ ಅಲ್ಲಿಯ ಮುಖ್ಯಸ್ಥೆ, "ಹತ್ತನೇ ತರಗತಿ ಪಾಸು ಮಾಡ್ಕೊಂಡು ಬನ್ನಿ. ಈ ಸಲದ ಫಲಿತಾಂಶದ ತನಕ ಕಾಯ್ತೀನಿ, ಆಮೇಲೆ ಆಗಲ್ಲ" ಎಂದಿದ್ದರು. ಉಳಿದ ವಿಷಯಗಳು ಹೇಗೋ ದಡ ಸೇರಿದ್ದವು. ಗಣಿತ ಮಾತ್ರ ಆಗಲೇ ಎರಡು ಸಲ ಕೈಕೊಟ್ಟಿತ್ತು. ಅದರಲ್ಲೂ ಬೀಜಗಣಿತವಂತೂ ಕಬ್ಬಿಣದ ಕಡಲೆ. ಅದಕ್ಕೇ ನಾದಿನಿಯ ಬಳಿ ಈ ಸಂಜೆಯ ಪಾಠ.

ಹಾಗಂತ ಪದಗಳಿಗೆ ಅವಳು ಹೆದರಿದವಳಲ್ಲ. "ಚರಾಕ್ಷರ ಅಂದ್ರೆ ಬೆಲೆ ಬದಲಾಗೋದು, ಸ್ಥಿರಾಂಕ ಅಂದ್ರೆ ಬದಲಾಗದೇ ಇರೋದು, ಚರಾಕ್ಷರದ ಪಕ್ಕ ನಿಂತು ಗುಣಿಸೋದು ಸಹಗುಣಕ" ಎಂದು ಗುಂಡಿ ಹೊಲಿಯುತ್ತಲೇ ಒಪ್ಪಿಸುತ್ತಿದ್ದಳು. ಸಜಾತಿ ಪದಗಳನ್ನಷ್ಟೇ ಕೂಡಿಸಬೇಕು ಎಂದು ನಾದಿನಿ ಹೇಳಿದಾಗ, "ಗೊತ್ತು ಬಿಡು, ತೋಳಿಗೆ ಕಾಲರ್ ಕೂಡಿಸಿ ಅದನ್ನ ಏನಂತ ಕರೀಲಿ?" ಎಂದು ನಕ್ಕಿದ್ದಳು. ಆದರೆ ಆವರಣ ಬಂತೆಂದರೆ ಮುಗಿಯಿತು. ಒಳಗೆ ಎಕ್ಸ್ ಕೂಡಿಸು ಮೂರು ಇದ್ದು, ಹೊರಗೆ ಎರಡು ನಿಂತಿದ್ದರೆ, ಅವಳ ಉತ್ತರ ಯಾವಾಗಲೂ ಎರಡು ಎಕ್ಸ್ ಕೂಡಿಸು ಮೂರು. ಮೂರಲ್ಲ, ಆರು ಎಂದು ನಾದಿನಿ ಎಷ್ಟು ಗಂಟಲು ಹರಿದುಕೊಂಡರೂ ಮರುದಿನ ಮತ್ತೆ ಮೂರೇ.

ಪರೀಕ್ಷೆ ಹತ್ತಿರ ಬಂದಾಗ ನಾದಿನಿ ಒಂದು ಸಂಜೆ ಪುಸ್ತಕ ಕುಕ್ಕಿ ಎದ್ದುಹೋದಳು. ಇವಳೂ ಕೈಬಿಟ್ಟರೆ ಕೆಲಸದ ಆಸೆಗೆ ಎಳ್ಳುನೀರು ಬಿಟ್ಟ ಹಾಗೆಯೇ.

ಮರುದಿನ ಮಧ್ಯಾಹ್ನ ನಾದಿನಿ ತಾನಾಗಿಯೇ ಅಂಗಡಿಗೆ ಬಂದು, ಕತ್ತರಿಸುವ ಮೇಜಿನ ಪಕ್ಕ ಸ್ಟೂಲು ಎಳೆದುಕೊಂಡು ಕೂತಳು.

"ಅತ್ತಿಗೆ, ಇವತ್ತು ಬೈಯಲ್ಲ. ಆ ಮೂರನ್ನ ಗುಣಿಸದೇ ಹಾಗೇ ಬರೆಯೋದು ಮರೆತೋ, ಬೇಕಂತಲೋ?"

"ಬೇಕಂತಲೇ," ಎಂದಳು ಅತ್ತಿಗೆ. ಮೇಜಿನ ಮೇಲಿದ್ದ ಬಟ್ಟೆಯಲ್ಲಿ ಹೊಲಿಗೆಗೆಂದು ಬಿಟ್ಟ ಅಂಚನ್ನು ಬೆರಳಲ್ಲಿ ತೋರಿಸಿದಳು. "ಮಗುವಿನ ಅಂಗಿಗೂ ಇಷ್ಟೇ ಅಂಚು, ಅವರಪ್ಪನ ಅಂಗಿಗೂ ಇಷ್ಟೇ. ಮೈ ಅಳತೆ ಎರಡರಷ್ಟಾದ್ರೆ ಅಂಚೂ ಎರಡರಷ್ಟು ಬಿಡ್ತಾರಾ? ಆ ಮೂರೂ ಹಾಗೇ, ಸ್ಥಿರಾಂಕ ಬದಲಾಗಲ್ಲ ಅಂತ ನೀನೇ ಹೇಳಿದ್ದಲ್ವಾ!"

ನಾದಿನಿ ಕಣ್ಣರಳಿಸಿ ಕೂತಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಸುಸ್ತಾದ ಮೇಲೆ, ಕತ್ತರಿಸಿಟ್ಟಿದ್ದ ಎರಡು ಅಂಗಿಗಳ ಬಟ್ಟೆಯನ್ನು ಅಕ್ಕಪಕ್ಕ ಹರವಿದಳು.

"ಆವರಣದ ಹೊರಗಿರೋ ಎರಡು ಅಂಗೀನ ದೊಡ್ಡದು ಮಾಡು ಅಂತಿಲ್ಲ, ಅತ್ತಿಗೆ. ಅಂಥವು ಎರಡು ಹೊಲಿ ಅಂತಿದೆ. ಆವರಣ ಅಂದ್ರೆ ಪೂರ್ತಿ ಒಂದು ಅಂಗಿ, ಅಂಚಿನ ಸಮೇತ. ಈಗ ಹೇಳಿ, ಅಂಚು ಎಷ್ಟು ಸಲ ಬಿಡ್ತೀರಿ?"

"ಎರಡು ಸಲ. ಬಿಡದಿದ್ರೆ ಎರಡನೇದು ಹಾಕ್ಕೊಂಡೋರು ಉಸಿರಾಡೋ ಹಾಗಿಲ್ಲ," ಎಂದ ಅತ್ತಿಗೆ ಥಟ್ಟನೆ ನಿಂತಳು. "ಅಯ್ಯೋ, ಆರು!"

ಫಲಿತಾಂಶ ಬಂತು. ಪಾಸಾಗಲು ಎಷ್ಟು ಬೇಕೋ ಅಷ್ಟೇ ಅಂಕ, ಒಂದೂ ಹೆಚ್ಚಿಲ್ಲ. ಅಂದರೆ ಒಂದೇ ಒಂದು ಆವರಣ ತಪ್ಪಿದ್ದರೂ ಕೆಲಸ ಕೈತಪ್ಪುತ್ತಿತ್ತು. ಅತ್ತಿಗೆ ಅಂಗಡಿಗೆ ಬೀಗ ಹಾಕಿ ನೇರ ನಾದಿನಿಯ ಮನೆಗೆ ನಡೆದಳು. ದಾರಿಯುದ್ದಕ್ಕೂ ಏನೇನೋ ಮಾತು ಜೋಡಿಸಿಕೊಂಡಿದ್ದಳು. ಬಾಗಿಲು ತೆರೆದ ನಾದಿನಿ ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ.

"ಇಷ್ಟು ಕಡಿಮೆ ಅಂಕ ತಗೊಂಡು ಯಾವ ಮುಖ ಇಟ್ಕೊಂಡು ಬಂದಿರಿ?" ಎಂದು ನಾದಿನಿ ರೇಗಿದಳು. ಹೊಗಳಿಕೆ ಬರುವ ಸುಳಿವು ಸಿಕ್ಕರೆ ಮೊದಲೇ ರೇಗಿಬಿಡುವುದು ಅವಳ ಅಭ್ಯಾಸ.

ಅತ್ತಿಗೆ ಅವಳ ಎರಡೂ ಕೈ ಹಿಡಿದುಕೊಂಡಳು.

"ಚಿಕ್ಕಂದಿನಿಂದ ಎಲ್ಲರೂ ನಂಗೆ ತಪ್ಪು ಅಂತ ಹೇಳಿದ್ರು. ನಾನು ದಡ್ಡಿ ಅಂತ ನಂಬಿಕೊಂಡೇ ಇಷ್ಟು ವರ್ಷ ಕಳೆದೆ ಕಣೇ. ಯಾಕೆ ಹಾಗೆ ಬರೆದೆ ಅಂತ ಕೇಳಿದೋಳು ನೀನೊಬ್ಬಳೇ."

ನಾದಿನಿ ಈ ಸಲ ರೇಗಲಿಲ್ಲ. ಕೈ ಬಿಡಿಸಿಕೊಳ್ಳಲೂ ಇಲ್ಲ.