ಒಂಬತ್ತು ಸೊನ್ನೆ

"ಇನ್ನೊಂದ್ ಗೇಣು ಆಳ ಬೇಕು ಕಣ್ರಪ್ಪ, ಅಗೀರಿ," ಎಂದು ಕದಿರಣ್ಣ ಗುಂಡಿಯೊಳಕ್ಕೆ ಕೋಲು ಇಳಿಬಿಟ್ಟು ಅಳೆದ.

"ಮೇಷ್ಟ್ರೇನು ಎದ್ ಬಂದು ಟೇಪ್ ಹಿಡೀತಾರಾ?" ಒಳಗಿದ್ದ ನರೇಶ ಬೆವರು ಒರೆಸಿಕೊಂಡು ಗೊಣಗಿದ.

"ಹಿಡಿಯೋರೇ ಕಣ್ಲಾ. ನಿಂಗೇನ್ ಗೊತ್ತು ಅವರ ವಿಚಾರ."

ಹಿಂದೂಪುರದ ಕಾಲೇಜಿನಲ್ಲಿ ಮೂವತ್ತು ವರ್ಷ ಪ್ರಾಣಿಶಾಸ್ತ್ರ ಕಲಿಸಿದ ತಿಪ್ಪೇರುದ್ರಪ್ಪ ಮೇಷ್ಟ್ರು ನಿನ್ನೆ ಸಂಜೆ ಅಲ್ಲಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಕಲ್ಯಾಣದುರ್ಗದ ಹೊರಗಿನ ಈ ಸ್ವಂತ ಹೊಲದಲ್ಲಿ, ಅಪ್ಪನ ಸಮಾಧಿಯ ಪಕ್ಕದಲ್ಲೇ ಅವರನ್ನು ಕೂರಿಸಬೇಕಿತ್ತು. ವ್ಯಾನು ಬರುವುದು ಮಧ್ಯಾಹ್ನಕ್ಕೆ. ಅವರ ಶಿಷ್ಯೆ, ಈಗ ಅದೇ ಕಾಲೇಜಿನಲ್ಲಿ ಪಾಠ ಹೇಳುವ ಪುಷ್ಪಲತಾ, ಮೊದಲ ಬಸ್ಸಿಗೇ ಬಂದು ಬೇವಿನ ನೆರಳಲ್ಲಿ ನಿಂತಿದ್ದಳು. ಅವಳ ಕೈಯಲ್ಲಿ ಉದ್ದನೆಯ ನೋಟ್‌ಬುಕ್ಕೊಂದಿತ್ತು. ಅದನ್ನು ಕಂಡದ್ದೇ ಕದಿರಣ್ಣ ಗುಂಡಿಯ ಕಡೆ ಮುಖ ತಿರುಗಿಸಿದ.

"ಕುಂಟೆ ಪುಸ್ತಕ ಕದಿರಣ್ಣ. ಇದನ್ನೂ ಸರ್ ಜೊತೆಗೇ ಇಟ್ಬಿಡಿ ಅಂತಾರೆ ಸರ್ ಮನೆ ಅಮ್ಮ."

"ಮಣ್ಣಿಗಾ?"

"ಹೂಂ. ಎಲ್ಲಾ ಮುಗೀತಲ್ಲ."

ಪುಸ್ತಕ ಮಣ್ಣಿಗೆ ಹೋದರೆ ಅದರೊಳಗಿನ ಸುಳ್ಳೂ ಮಣ್ಣಿಗೆ ಹೋಗುತ್ತದೆ ಎಂದು ಕದಿರಣ್ಣನಿಗೆ ತಟ್ಟನೆ ಹೊಳೆಯಿತು. ಎದೆ ಹಗುರವಾಯಿತು. ಹಗುರವಾದದ್ದಕ್ಕೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

*

ಊರಿನವರು ಅವರನ್ನು ಹುಳದ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಮಿಕ್ಕವರು ಪ್ರಿನ್ಸಿಪಾಲರಾಗಲು ಓಡಾಡುತ್ತಿದ್ದಾಗ ಇವರು ಪ್ಯಾಂಟು ಮಡಚಿಕೊಂಡು, ಹೊಲದ ಕೆಳಗಿನ ಕುಂಟೆಯಲ್ಲಿ ಬಲೆ ಎಳೆಯುತ್ತಿದ್ದರು. ಕುಂಟೆ ಎಂದರೆ ವರ್ಷದಲ್ಲಿ ಹತ್ತು ತಿಂಗಳು ಒಣಗಿ ಬಿರಿದಿರುವ ಮಳೆನೀರಿನ ಹೊಂಡ. ಮೊದಲ ಮಳೆಗೆ ನೀರು ನಿಂತರೆ, ಮಣ್ಣಿನಲ್ಲಿ ಮಲಗಿದ್ದ ಮೊಟ್ಟೆಗಳು ಒಡೆದು, ಬೆರಳಿನ ಗೆಣ್ಣಿನಷ್ಟುದ್ದದ ಸೀಗಡಿಯಂಥ ಜೀವಗಳು ಹೊಟ್ಟೆ ಮೇಲೆ ಮಾಡಿಕೊಂಡು ಈಜುತ್ತಿದ್ದವು. ಅವರ ಹೊಲ ನೋಡಿಕೊಳ್ಳುತ್ತಿದ್ದ ಕದಿರಣ್ಣ ಅವಕ್ಕೆ ಅಂಗಾತ ಹುಳ ಎಂದು ಹೆಸರಿಟ್ಟ. ಮೇಷ್ಟ್ರಿಗೆ ಅದು ಎಷ್ಟು ಹಿಡಿಸಿತೆಂದರೆ ಪುಸ್ತಕದಲ್ಲೂ ಹಾಗೇ ಬರೆದರು.

"ಮೇಲಿನ ಹೊಲಗಳಿಗೆ ಏನೇ ಸುರಿದ್ರೂ ಮಳೆ ಜೊತೆ ಇಲ್ಲಿಗೇ ಬರ್ತದೆ ಕಣೋ ಕದಿರ. ಮೊದ್ಲು ಸಾಯೋವು ಇವೇ. ಇವು ಇರೋವರ್ಗೂ ಭಯ ಇಲ್ಲ."

ಮಳೆ ಬಿದ್ದ ಮೂರನೆಯ ದಿನ, ಏಳನೆಯ ದಿನ, ಹದಿನೈದನೆಯ ದಿನ ಕದಿರಣ್ಣ ಹತ್ತು ಸಲ ಬಲೆ ಎಳೆದು ಎಣಿಸಬೇಕು, ಸಿಕ್ಕಿದ್ದರಲ್ಲಿ ಎರಡನ್ನು ಬಾಟಲಿಗೆ ಹಾಕಿ ಹಿಂದೂಪುರಕ್ಕೆ ಕಳಿಸಬೇಕು. ಆ ಬಾಟಲಿಗಳು ಮೊಸರಿನ ಪಕ್ಕ ಫ್ರಿಜ್ಜಿನಲ್ಲಿ ಕೂರುವುದನ್ನು ನೋಡಿ ಮೇಷ್ಟ್ರ ಹೆಂಡತಿ ನಿರ್ಮಲಮ್ಮ ಹಣೆ ಚಚ್ಚಿಕೊಳ್ಳುತ್ತಿದ್ದರು. ಇಪ್ಪತ್ತು ಮಳೆಗಾಲ ಹೀಗೇ ನಡೆಯಿತು.

ಆಮೇಲೆ ಮೇಷ್ಟ್ರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಕದಿರಣ್ಣ ಫೋನಿನಲ್ಲಿ ಹೇಳಿದ್ದನ್ನು ಅವರು ಎಡಗೈಯಲ್ಲಿ ಬರೆದುಕೊಳ್ಳತೊಡಗಿದರು. ಆ ವರ್ಷವೇ ಕದಿರಣ್ಣ ಬಸ್‌ಸ್ಟ್ಯಾಂಡಿನ ಬಳಿ ಟೀ ಅಂಗಡಿ ಇಟ್ಟಿದ್ದ. ಮಳೆ ಬಿದ್ದ ಮೂರನೆಯ ದಿನ ಮಂಡಿ ನೋವು, ಮೇಲೆ ವ್ಯಾಪಾರ. ನಾಳೆ ಹೋದರಾಯಿತು ಎಂದುಕೊಂಡ. ಸಂಜೆ ಫೋನು ಬಂತು. ಇಷ್ಟು ಸಿಕ್ಕವು ಎಂದರೆ ಬಾಟಲಿ ಕಳಿಸಬೇಕು. ಸೊನ್ನೆಗೆ ಬಾಟಲಿ ಬೇಕಿಲ್ಲ.

"ಒಂದೂ ಇಲ್ಲ ಸಾ."

"ಚೆನ್ನಾಗ್ ನೋಡಿದ್ಯಾ?"

"ನೋಡ್ದೆ ಸಾ."

"ಸರಿ ಬಿಡು. ನಿನ್ ಕಣ್ಣು ತಪ್ಪಲ್ಲ."

ಅಲ್ಲಿಂದ ಮುಂದೆ ಕದಿರಣ್ಣ ಕುಂಟೆಯ ಕಡೆ ತಲೆ ಹಾಕಲಿಲ್ಲ. ಹೋಗಿ ಕಂಡರೆ ತಾನೇ ಹೇಳಿದ್ದು ಸುಳ್ಳಾಗುವುದು? ಹೋಗದಿದ್ದರೆ ಅದು ಸುಳ್ಳೋ ನಿಜವೋ ದೇವರಿಗೇ ಗೊತ್ತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಹೀಗೆ ಮೂರು ವರ್ಷಕ್ಕೆ ಒಂಬತ್ತು ಸೊನ್ನೆ. ಕುಂಟೆ ಮುಚ್ಚಿ ಸೋಲಾರ್ ಪ್ಲೇಟು ಹಾಕುತ್ತೇವೆ ಎಂದವರ ವಿರುದ್ಧ ಎರಡು ಸಲ ಅರ್ಜಿ ಕೊಟ್ಟಿದ್ದ ಮೇಷ್ಟ್ರು, ಒಂಬತ್ತನೆಯ ಸೊನ್ನೆಯಾದ ಮೇಲೆ ಅರ್ಜಿ ವಾಪಸ್ ತೆಗೆದುಕೊಂಡರು.

"ನಾವಿಬ್ರು ಇರೋವರ್ಗಾದ್ರೂ ಇರ್ತಾವೆ ಅನ್ಕಂಡಿದ್ದೆ ಕಣೋ ಕದಿರ," ಎಂದಿದ್ದರು.

*

"ಇಲ್ಲಿ ಮಳೆಯಾಗಿ ಒಂಬತ್ತು ದಿನ ಅಲ್ವಾ?" ಎಂದಳು ಪುಷ್ಪಲತಾ. "ಆಸ್ಪತ್ರೆಯಲ್ಲೂ ಕೇಳ್ತಿದ್ರು, ಕದಿರ ಫೋನ್ ಮಾಡಿದ್ನಾ ಅಂತ. ನಡೀರಿ, ವ್ಯಾನ್ ಬರೋಷ್ಟ್ರಲ್ಲಿ ಕೊನೇ ಸಲ ನೋಡ್ಕಂಡ್ ಬರೋಣ."

"ಏನೈತೆ ಪುಷ್ಪಮ್ಮ ಅಲ್ಲಿ ನೋಡಾಕೆ," ಎಂದು ಕದಿರಣ್ಣ ಅಂದ. ಅವಳು ಆಗಲೇ ಹೊರಟಾಗಿತ್ತು.

ಕುಂಟೆಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಪುಷ್ಪಲತಾ ಕುಡಿದು ಮುಗಿಸಿದ್ದ ನೀರಿನ ಬಾಟಲಿಯನ್ನು ಮುಳುಗಿಸಿ, ಎತ್ತಿ ಬಿಸಿಲಿಗೆ ಹಿಡಿದಳು. ಒಳಗೆ ಆರೇಳು ಜೀವಗಳು ಅಂಗಾತವಾಗಿ, ಕಾಲುಗಳನ್ನು ಬಡಿಯುತ್ತಾ ಓಡಾಡುತ್ತಿದ್ದವು.

ಅವಳು ನಕ್ಕಳು. ನಗುತ್ತಲೇ ಅತ್ತಳು.

"ಬಂದಿದಾವೆ ಕದಿರಣ್ಣ! ಮೂರು ವರ್ಷ ಮಣ್ಣಲ್ಲಿ ಮಲಗಿದ್ದು ಎದ್ ಬಂದಿದಾವೆ! ಎರಡು ದಿನ ಮೊದ್ಲು ನೋಡಿದ್ರೆ ಸರ್‌ಗೆ ಹೇಳ್ಬೋದಿತ್ತಲ್ಲಾ..." ಕಣ್ಣೊರೆಸಿಕೊಂಡಳು. "ನಾಳೇನೇ ಆಫೀಸಿಗೆ ತಗೊಂಡ್ ಹೋಗ್ತೀನಿ. ಕುಂಟೆ ಹೆಂಗ್ ಮುಚ್ತಾರೋ ನೋಡ್ತೀನಿ. ಮೂರು ವರ್ಷ ಇಲ್ದೇ ಇದ್ದು ವಾಪಸ್ ಬಂದಿದ್ದು ಅಂದ್ರೆ ದೊಡ್ಡ ಸಂಗತಿ. ಈ ಪುಸ್ತಕ ನನಗೆ ಕೊಡಿ ಅಂತ ಅಮ್ಮನ್ನ ಕೇಳ್ತೀನಿ. ಲೇಖನದಲ್ಲಿ ಸರ್ ಹೆಸರಿನ ಕೆಳಗೆ ನಿಮ್ಮ ಹೆಸರೂ ಹಾಕ್ತೀನಿ."

ಕದಿರಣ್ಣ ನೀರನ್ನೇ ನೋಡುತ್ತಾ ನಿಂತ. ಕುಂಟೆ ಉಳಿಯುತ್ತದೆ, ಹುಳ ಉಳಿಯುತ್ತವೆ, ತನ್ನ ಹೆಸರು ಅಚ್ಚಾಗುತ್ತದೆ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಎಲ್ಲರಿಗೂ ಒಳ್ಳೆಯದೇ. ಇವೆಲ್ಲ ಸತ್ತವು ಎಂದು ನಂಬಿ ಕಣ್ಣು ಮುಚ್ಚಿದ ಒಬ್ಬರನ್ನು ಬಿಟ್ಟು. ಅಷ್ಟರಲ್ಲಿ ರಸ್ತೆಯ ಕಡೆಯಿಂದ ವ್ಯಾನಿನ ಹಾರನ್ನು ಕೇಳಿಸಿತು.

*

ಹಣೆ ತುಂಬ ವಿಭೂತಿ ಬಳಿದಿದ್ದ ಮೇಷ್ಟ್ರನ್ನು ನಾಲ್ವರು ಹುಷಾರಾಗಿ ಇಳಿಸಿ, ಗುಂಡಿಯಲ್ಲಿ ಕೂರಿಸಿದರು. ಅಯ್ಯನವರು ಮಂತ್ರ ಹೇಳಿದರು. ಬಿಲ್ವಪತ್ರೆ ಬಿತ್ತು. ಪುಷ್ಪಲತಾ ನಿರ್ಮಲಮ್ಮನ ಕಿವಿಯಲ್ಲಿ ಏನೋ ಹೇಳಿ, ಬಾಟಲಿ ತೋರಿಸಿದಳು. ನಿರ್ಮಲಮ್ಮ ಅದನ್ನು ಎರಡು ಕೈಯಲ್ಲೂ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನೋಟ್‌ಬುಕ್ ಎತ್ತಿ ಕದಿರಣ್ಣನ ಕಡೆ ಚಾಚಿದರು.

"ಪುಸ್ತಕ ಆಮೇಲೆ ಪುಷ್ಪ ಇಟ್ಕಳ್ಳಲಿ ಕಣಪ್ಪ. ಹುಳ ಬಂದಿದಾವೆ ಅಂತ ಅವ್ರಿಗೆ ನೀನೇ ಹೇಳು. ನಿನ್ನ ಮಾತು ಬಿಟ್ರೆ ಇನ್ನೊಬ್ರ ಮಾತು ನಂಬ್ತಿರ್ಲಿಲ್ಲ ಅವ್ರು."

ಕದಿರಣ್ಣ ಪುಸ್ತಕ ತೆಗೆದುಕೊಂಡು ಗುಂಡಿಯ ಅಂಚಿನಲ್ಲಿ ಮಂಡಿಯೂರಿದ. ಕೊನೆಯ ಪುಟಗಳನ್ನು ತೆರೆದ. ಎಡಗೈಯಲ್ಲಿ ಬರೆದ ಆ ಸೊನ್ನೆಗಳು ಒಂದೂ ಸರಿಯಾಗಿ ಕೂಡಿರಲಿಲ್ಲ.

"ಸಾ," ಎಂದ. "ಸಾ, ಮೊದಲ್ನೇ ವರ್ಷ, ಜೂನ್ ಹನ್ನೊಂದು. ಸೊನ್ನೆ ಅಂತ ಬರ್ಕಂಡಿದೀರಿ. ನಾನು ಹೋಗಿರ್ಲಿಲ್ಲ ಸಾ."

ಅಯ್ಯನವರು ಮಂತ್ರ ನಿಲ್ಲಿಸಿದರು.

"ಜೂನ್ ಹದಿನೈದು. ಹೋಗಿರ್ಲಿಲ್ಲ."

"ಇಪ್ಪುಡೆಂದುಕಯ್ಯಾ ಇವನ್ನೀ," ಈಗ್ಯಾಕಯ್ಯಾ ಇವೆಲ್ಲ ಎಂದು ಯಾರೋ ತೆಲುಗಿನಲ್ಲಿ ಗದರಿದರು. ಒಬ್ಬ ಅವನ ತೋಳು ಹಿಡಿದು ಎಬ್ಬಿಸಲು ಬಂದ. ಪುಷ್ಪಲತಾಳ ಮುಖ ಬಿಳಿಚಿಕೊಂಡಿತ್ತು. ನಿರ್ಮಲಮ್ಮ ಕೈ ಎತ್ತಿ ಆ ಮನುಷ್ಯನನ್ನು ತಡೆದರು.

"ಮೂರು ವರ್ಷ ಕಣಪ್ಪ," ಎಂದರು. "ಗೋಡೆ ನೋಡ್ಕಂಡ್ ಕೂತಿರ್ತಿದ್ರು. ಉಣ್ಣೋಕೂ ಏಳ್ತಿರ್ಲಿಲ್ಲ."

ಕದಿರಣ್ಣ ತಲೆಯೆತ್ತಲಿಲ್ಲ.

"ಇನ್ನೂ ಎಷ್ಟೈತೆ?"

"ಏಳು ಅಮ್ಮಾ."

"ಓದು. ಒಂದೂ ಬಿಡ್ಬೇಡ."

ಹಿಡಿಯಲ್ಲಿ ಮಣ್ಣು ತುಂಬಿಕೊಂಡಿದ್ದವರು ಅದನ್ನು ಹಾಕಲೂ ಆಗದೆ, ಕೆಳಗೆ ಬಿಡಲೂ ಆಗದೆ ಗುಂಡಿಯ ಸುತ್ತ ನಿಂತರು. ಕದಿರಣ್ಣ ಸಾಲಿನ ಮೇಲೆ ಬೆರಳಿಟ್ಟುಕೊಂಡ.

"ಜೂನ್ ಇಪ್ಪತ್ಮೂರು," ಎಂದ.