ಗಾಡಿ ಬಾಡಿಗೆ

"ಏ ಆದಿ, ನಿನ್ನ ಹೆಂಗಸ್ರು ಸಸಿ ಹಚ್ಚಾಕ ಬಂದಾರೋ, ಕುಂಡಿ ತೋರ್ಸಾಕ ಬಂದಾರೋ? ಹೊತ್ತು ನೆತ್ತಿಗೆ ಬಂತು, ಇನ್ನೂ ಅರ್ಧ ಗದ್ದಿ ಹಂಗ ಬಿದ್ದೈತಿ."

ಬದುವಿನ ಮೇಲೆ ಕೊಡೆ ಹಿಡಿದು ನಿಂತ ವಿರೇಶಗೌಡ ಇದನ್ನು ಹೇಳಿದ್ದು ಹನ್ನೆರಡು ಹೆಂಗಸರ ಬೆನ್ನಿಗೆ. ಮೊಣಕಾಲುಮಟ್ಟ ಕೆಸರಲ್ಲಿ ಬಗ್ಗಿ ನಿಂತವರಿಗೆ ಬೈಗುಳವೆಲ್ಲ ಬೆನ್ನಿಗೇ ಬೀಳುತ್ತದೆ. ಯಾರೂ ತಲೆ ಎತ್ತಲಿಲ್ಲ. ಕೈಗಳು ಮಾತ್ರ ಸಸಿ ಬಿಡಿಸಿ ಕೆಸರಿಗೆ ಚುಚ್ಚುತ್ತಲೇ ಇದ್ದವು.

"ಹಚ್ಚಾಕತ್ತೀವ್ರಿ ಧಣಿ. ಸಂಜಿ ಆಗೋದ್ರಾಗ ಮುಗಸ್ತೀವಿ," ಎಂದಳು ಆದಮ್ಮ.

"ಮುಗಸ್ಲಿಲ್ಲಂದ್ರ ಕೂಲಿ ನಿಮ್ಮಪ್ಪ ಕೊಡ್ತಾನೇನು? ಸೂಳೇರು ಮಾತಿಗೇನು ಕಡಿಮಿ ಇಲ್ಲ."

ಗೌಡ ಉಗುಳಿ ಹೋದ. ಉಗುಳು ಶಂಶಾದ್‌ಬೀಯ ಪಕ್ಕದ ನೀರಲ್ಲಿ ಬಿತ್ತು. ಅವಳು ಆ ನೀರನ್ನು ಅಂಗೈಯಿಂದ ಆಚೆ ತಳ್ಳಿ, ಅದೇ ಜಾಗದಲ್ಲಿ ಸಸಿ ಚುಚ್ಚಿದಳು. "ಉಣ್ಣು ಮಗನ, ನಿನ್ನ ಎಂಜಲದಾಗ ಬೆಳದಿದ್ದು ನೀನ ಉಣ್ಣು," ಎಂದಳು ಮೆಲ್ಲಗೆ. ಸಾಲಿನುದ್ದಕ್ಕೂ ಹೆಂಗಸರು ಕಿಸಕ್ಕನೆ ನಕ್ಕರು. ಆದಮ್ಮ ನಗಲಿಲ್ಲ.

ನಾಟಿಯ ಕೊನೆಯ ದಿನ ಅದು. ಆದಮ್ಮನ ಸಾಲಕ್ಕೂ ಅದೇ ಕೊನೆಯ ದಿನ. ಈ ಗದ್ದೆ ಮುಗಿದರೆ ಋಣ ಹರಿಯಿತು ಎಂದು ಗೌಡ ತಾನಾಗಿಯೇ ಹೇಳಿದ್ದ. ಒಂಬತ್ತು ವರ್ಷದಿಂದ ಈ ದಿನಕ್ಕಾಗಿ ಕಾದ ಹೆಂಗಸು ಬೆಳಿಗ್ಗೆಯಿಂದ ಜೊತೆಯವರ ಮುಖ ನೋಡಿರಲಿಲ್ಲ.

ಗಂಡ ಅಂಬಪ್ಪ ಸಿಂಧನೂರಿನ ಅಕ್ಕಿ ಗಿರಣಿಯೊಂದರಲ್ಲಿ ಹಮಾಲಿ ಮಾಡುತ್ತಿದ್ದ. ಒಟ್ಟಿದ ಚೀಲಗಳು ಜಾರಿ ಸೊಂಟದ ಮೇಲೆ ಬಿದ್ದವು. ಗಿರಣಿ ಸಾಹುಕಾರ ಐದು ಸಾವಿರ ಕೊಟ್ಟು ಮುಖ ತಿರುಗಿಸಿದ. ಆಪರೇಷನ್ನಿಗೆ ಒಂದೂವರೆ ಲಕ್ಷ ಎಣಿಸಿಕೊಟ್ಟವನು ಬಳಗಾನೂರಿನ ವಿರೇಶಗೌಡ, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ಅಂಬಪ್ಪ ಎದ್ದು ಓಡಾಡುವಂತಾದ. ಚೀಲ ಹೊರುವಂತಾಗಲಿಲ್ಲ. ಅಂದಿನಿಂದ ಆದಮ್ಮ ಪಾಮನಕಲ್ಲೂರಿನ ಕೇರಿಯ ಹೆಂಗಸರನ್ನು ಕೂಡಿಸಿಕೊಂಡು, ಕಾಲುವೆಗೆ ನೀರು ಬಿಟ್ಟಾಗಲೆಲ್ಲ ಈ ಸೀಮೆಗೆ ನಾಟಿಗೆ ಬರುತ್ತಾಳೆ. ಎಕರೆಗೆ ಇಷ್ಟು ಎಂದು ಗುತ್ತಿಗೆ ಮಾತಾಡುವವಳು ಅವಳು, ರೊಕ್ಕ ತಂದು ಹಂಚುವವಳೂ ಅವಳೇ.

ನಾಟಿ ಮಾಡುವವರು ಹಿಂದಕ್ಕೆ ನಡೆಯುತ್ತಾರೆ. ಹೊಸದಾಗಿ ಬಂದ ಹುಡುಗಿಯರಿಗೆ ಆದಮ್ಮ ಹೇಳಿಕೊಡುವ ಮೊದಲ ಪಾಠ ಒಂದೇ. "ಹಿಂದಿನ ಬದು ತಿರುಗಿ ನೋಡಬ್ಯಾಡ. ಇನ್ನೂ ಎಷ್ಟ್ ಐತಿ ಅಂತ ನೋಡಿದ್ಯೋ, ನಡ ಅಲ್ಲೇ ಮುರೀತೈತಿ. ಹಚ್ಚಿದ್ದಷ್ಟ ನೋಡು." ಸಾಲವನ್ನೂ ಅವಳು ಹಾಗೆಯೇ ತೀರಿಸಿದಳು. ಹೊಸ ಸೀರೆ ಇಲ್ಲ, ತವರಿನ ಮದುವೆಗೆ ಹೋಗಲಿಲ್ಲ, ಜ್ವರ ಬಂದರೆ ಗುಳಿಗೆ ನುಂಗಿ ಗದ್ದೆಗಿಳಿದಳು. ಇನ್ನೆಷ್ಟು ಉಳಿಯಿತು ಎಂದು ಯಾವತ್ತೂ ಗೌಡನನ್ನು ಕೇಳಲಿಲ್ಲ. ಕೇಳಿದ್ದರೆ ಎರಡನೇ ವರ್ಷಕ್ಕೇ ಕಾಲುವೆಗೆ ಹಾರಿಕೊಳ್ಳುತ್ತಿದ್ದಳು.

ಕೇರಿಯವರು ಇದನ್ನೆಲ್ಲ ಕಣ್ಣಾರೆ ಕಂಡವರು. "ಆದಕ್ಕನ ಗಟ್ಟಿತನ ಗಂಡಸರಿಗೂ ಇಲ್ಲ" ಎನ್ನುತ್ತಿದ್ದರು. ಅವರು ಕಾಣದೇ ಇದ್ದದ್ದೊಂದಿತ್ತು.

ಸಾಲ ಕೊಟ್ಟ ದಿನ ಗೌಡ ಹೇಳಿದ್ದ. "ನಿನ್ನ ಒಬ್ಬಾಕಿ ಕೂಲಿ ಹಿಡದ್ರ ಬಡ್ಡೀಗೂ ಸಾಲಂಗಿಲ್ಲ ಬೇ. ಅದರ ಜೋಡಿ ಎಲ್ಲಾರ ಕೂಲ್ಯಾಗ ಎಕರೆಕ್ಕ ಇನ್ನೂರು ಹಿಡೀತೀನಿ, ನಿನ್ನ ಸಾಲಕ್ಕ ಜಮಾ. ಅವ್ರಿಗೆ ಗಾಡಿ ಬಾಡಿಗೆ ಅಂತ ಹೇಳು. ಯಾವ ಸೂಳಿ ಕೇಳ್ತಾಳ?"

ಯಾರೂ ಕೇಳಲಿಲ್ಲ. ಇನ್ನೂರು ಮುನ್ನೂರಾಯಿತು, ನಾನೂರಾಯಿತು, ಈಗ ಐನೂರು. ಊರಿಂದ ಅವರನ್ನು ಕರೆತರುವ ಟಂಟಂ ಗಾಡಿಯ ಬಾಡಿಗೆಯನ್ನು ಗೌಡ ಬೇರೆಯೇ ಕೊಡುತ್ತಿದ್ದ, ಡ್ರೈವರ್ ಹನುಮಂತುವಿನ ಕೈಗೇ. ಪಾಪದ ಹನುಮಂತು ಒಂಬತ್ತು ವರ್ಷದಿಂದ ಹನ್ನೊಂದು ಬಾಯಿಗಳ ಬೈಗುಳ ತಿನ್ನುತ್ತಿದ್ದ. ದಿನಾ ಬೆಳಿಗ್ಗೆ ಇಳಿಯುವಾಗ ಶಂಶಾದ್‌ಬೀಯದೇ ಮಂಗಳಾರತಿ. "ನಿನ್ನ ಗಾಡೀಗೆ ಬೆಂಕಿ ಬೀಳ್ಲಿ ಭಾಡ್ಯಾ, ನಮ್ಮ ರಟ್ಟಿ ಕಸುವೆಲ್ಲ ಇದರ ಹೊಟ್ಟೀಗೇ ಹೋತು." ಅವನು ಅದನ್ನು ಚೇಷ್ಟೆ ಎಂದುಕೊಂಡು ಹಲ್ಲು ಕಿರಿಯುತ್ತಿದ್ದ. "ಬೈರಿ ಅಕ್ಕ, ಬೈರಿ. ಬೈಲಿಲ್ಲಂದ್ರ ನನ್ನ ಗಾಡಿ ಚಾಲೂನ ಆಗಂಗಿಲ್ಲ." ಆ ಹೊತ್ತಿಗೆ ಆದಮ್ಮ ಬುತ್ತಿ ಗಂಟು ಹುಡುಕುವವಳಂತೆ ಗಾಡಿಯೊಳಗೆ ತಲೆ ಹಾಕುತ್ತಿದ್ದಳು. ಎಷ್ಟು ವರ್ಷ ಕಳೆದರೂ ಆ ನಾಚಿಕೆ ಹಳೆಯದಾಗಲಿಲ್ಲ.

ಮಧ್ಯಾಹ್ನ ಬದುವಿನ ಜಾಲಿ ಗಿಡದ ಕೆಳಗೆ ಬುತ್ತಿ ಬಿಚ್ಚಿದರು. ಶಂಶಾದ್‌ಬೀಯ ಮಗಳು ನಿಶಾತ್ ತನ್ನ ರೊಟ್ಟಿಯ ಮೇಲಿನ ಬದನೆಕಾಯಿ ಪಲ್ಯವನ್ನು ಕೇಳದೆಯೇ ಆದಮ್ಮನ ರೊಟ್ಟಿಗೆ ಸುರಿದಳು. "ದೊಡ್ಡವ್ವ, ಇವತ್ತು ಗೌಡನ ಕಡೆ ಖುಷಿ ಕೇಳ್ತೀವಲ್ಲ, ಆ ರೊಕ್ಕ ಹಂಚ್ಕೊಳ್ಳಂಗಿಲ್ಲ. ಎಲ್ಲಾರೂ ಮಾತಾಡೀವಿ. ಅದು ನಿನಗ."

ಕೊನೆಯ ಎಕರೆಗೆ ಇಳಿಯುವ ಮುಂಚೆ ಒಂದು ಕಟ್ಟು ಸಸಿಯನ್ನು ಯಜಮಾನನ ಕಾಲ ಬಳಿ ಇಟ್ಟು ದಾರಿ ಕಟ್ಟುವುದು, ಅವನು ಖುಷಿಯಿಂದ ಕೊಟ್ಟಷ್ಟನ್ನು ಎಲ್ಲರೂ ಹಂಚಿಕೊಳ್ಳುವುದು ನಾಟಿಯವರ ಪದ್ಧತಿ.

"ನನಗ್ಯಾಕಬೇ?" ಎಂದಳು ಆದಮ್ಮ.

"ಸಾಲ ತೀರಿದ ಮ್ಯಾಲ ಒಂದು ಸೀರಿ ತೊಗೋ. ಒಂಬತ್ತ್ ವರ್ಷದಿಂದ ಇವೆರಡ ಸೀರಿ ನೋಡಿ ನಮ್ಮ ಕಣ್ಣು ಸವದಾವ," ಎಂದಳು ಶಂಶಾದ್‌ಬೀ. ಎಲ್ಲರೂ ನಕ್ಕರು.

ಆದಮ್ಮ ಮುರಿದ ತುತ್ತನ್ನು ಹಾಗೆಯೇ ರೊಟ್ಟಿಯ ಮೇಲಿಟ್ಟಳು. ಎದುರಿಗೆ ಕೂತಿದ್ದ ನಿಶಾತಳ ಬೆರಳುಗಳು ನೀರಲ್ಲಿ ನೆನೆದು ಬೆಳ್ಳಗೆ ಸುಕ್ಕುಗಟ್ಟಿದ್ದವು. ಆ ಹುಡುಗಿ ಲಿಂಗಸುಗೂರಿನಲ್ಲಿ ನರ್ಸಿಂಗ್ ಓದುತ್ತಿದ್ದವಳು. ನಾಲ್ಕು ವರ್ಷದ ಹಿಂದೆ ಎರಡನೇ ವರ್ಷದ ಫೀಸಿಗೆ ಹನ್ನೆರಡು ಸಾವಿರ ಕಡಿಮೆ ಬಿತ್ತು. ಶಂಶಾದ್‌ಬೀ ಇದೇ ಗಿಡದ ಕೆಳಗೆ ಆದಮ್ಮನ ಕೈ ಹಿಡಿದು ಕೇಳಿದ್ದಳು, ಗೌಡನಿಂದ ಮುಂಗಡ ಕೊಡಿಸು ಎಂದು. ಗೌಡನ ಹತ್ತಿರ ಬಾಯಿ ಬಿಟ್ಟರೆ ಎಲ್ಲಿ ತನ್ನ ಗುಟ್ಟು ಹೊರಬೀಳುತ್ತದೋ ಎಂದು ಹೆದರಿ ಆದಮ್ಮ ಕೇಳದೆಯೇ "ಆಗಂಗಿಲ್ಲ ಅಂದ್ರು" ಎಂದುಬಿಟ್ಟಿದ್ದಳು. ಮುಂದಿನ ತಿಂಗಳು ನಿಶಾತ್ ಬಿಳಿ ಕೋಟು ಮಡಿಚಿಟ್ಟು ಅವ್ವನ ಪಕ್ಕ ಕೆಸರಿಗಿಳಿದಳು. ಬದುವಿನ ಕಡೆ ತಿರುಗಿ ನೋಡಬೇಡ ಎಂದು ಅವಳಿಗೂ ಆದಮ್ಮನೇ ಹೇಳಿಕೊಟ್ಟಳು.

ಊಟ ಮುಗಿಯುವಷ್ಟರಲ್ಲಿ ಗೌಡನ ಶೆಡ್ಡಿನಿಂದ ಆದಮ್ಮನಿಗೆ ಕರೆ ಬಂತು.

ಶೆಡ್ಡಿನ ಅಂಗಳದಲ್ಲಿ ಗೌಡ ಕುರ್ಚಿ ಹಾಕಿ ಕೂತಿದ್ದ. ಆದಮ್ಮ ದೂರದಲ್ಲಿ ನಿಂತಳು. ಕೇರಿಯವರಿಗೆ ಅಲ್ಲಿ ಚಹಾ ಸಿಕ್ಕರೆ ಕಾಗದದ ಲೋಟದಲ್ಲಿ. ಕುಡಿದು ಅವರೇ ಎಸೆಯಬೇಕು. ಇವತ್ತು ಗೌಡನ ಹೆಂಡತಿ ಸ್ಟೀಲ್ ಲೋಟ ತಂದು ಕಟ್ಟೆಯ ಮೇಲೆ ಇಟ್ಟಳು.

"ಕುಡಿ ಬೇ. ನೀ ಇನ್ನ ಹೊರಗಿನಾಕಿ ಅಲ್ಲ," ಎಂದ ಗೌಡ. "ಇವತ್ತಿಗೆ ನಿನ್ನ ಸಾಲ ತೀರಿತು. ನಿಯತ್ತಿನ ಹೆಂಗಸು ನೀ, ಒಪ್ಪಿದೆ. ಎರಡನೇ ಬೆಳೀಗೂ ಗುಂಪು ತೊಗೊಂಡು ಬಾ. ಐನೂರು ಹಿಡಿಯೋದು ಹಿಡಿಯೋಣು. ಮುನ್ನೂರು ನನಗ, ಇನ್ನೂರು ನಿನಗ."

ಆದಮ್ಮ ಲೋಟವನ್ನು ಕೈಗೆತ್ತಿಕೊಂಡಳು. "ಅದು ಅವ್ರ ರೊಕ್ಕರೀ ಧಣಿ."

ಗೌಡ ನಕ್ಕ. "ಇಷ್ಟ್ ವರ್ಷ ಯಾರ ರೊಕ್ಕ ಆಗಿತ್ತು ಮತ್ತ? ನಾ ಒಬ್ಬನ ಕಳ್ಳ ಏನು? ಹೋಗು, ಖುಷಿ ಗಿಶಿ ಕೇಳ್ತೀರಲ್ಲ, ಬಂದೆ."

ಚಹಾ ಸಿಹಿಯಾಗಿತ್ತು. ಆದಮ್ಮ ಪೂರ್ತಿ ಕುಡಿದಳು. ಕುಡಿದ ಮೇಲೆ, ಯಾಕೆ ಕುಡಿದೆ ಎಂದು ತನ್ನನ್ನೇ ಬೈದುಕೊಂಡಳು. ಲೋಟವನ್ನು ತೊಳೆಯಬೇಕೋ ಹಾಗೇ ಇಡಬೇಕೋ ತಿಳಿಯದೆ ಅದನ್ನು ಹಿಡಿದುಕೊಂಡೇ ನಿಂತಳು. ಗೌಡ ಹೇಳಿದ್ದರಲ್ಲಿ ಸುಳ್ಳು ಹುಡುಕಿದರೂ ಸಿಗಲಿಲ್ಲ. ಅಂಬಪ್ಪನ ಸೊಂಟಕ್ಕಾಗಿ ಮಾಡಿದೆ ಎನ್ನೋಣವೆಂದರೆ, ಶಂಶಾದ್‌ಬೀಗೂ ಸೊಂಟವಿತ್ತು, ನಿಶಾತಳಿಗೂ ಇತ್ತು.

ಕೊನೆಯ ಒಂದು ಎಕರೆ ಉಳಿದಾಗ ಗೌಡ ಬದುವಿಗೆ ಬಂದ. ಕಿತ್ತ ಸಸಿಯ ಕಟ್ಟುಗಳು ಗದ್ದೆಯ ನೀರಲ್ಲಿ ಅಲ್ಲಲ್ಲಿ ಬಿದ್ದಿದ್ದವು. ಹೆಂಗಸರು ಅವನ ದಾರಿಗೆ ಅಡ್ಡ ನಿಂತರು. ನಿಶಾತ್ ಒಂದು ದೊಡ್ಡ ಕಟ್ಟು ತೊಳೆದು ಆದಮ್ಮನ ಕೈಗೆ ಕೊಟ್ಟಳು. "ನೀನ ಇಡು ದೊಡ್ಡವ್ವ."

ಗೌಡ ಜೇಬಿನಿಂದ ಐನೂರರ ನೋಟೊಂದನ್ನು ತೆಗೆದು ಎರಡು ಬೆರಳಲ್ಲಿ ಹಿಡಿದ. ಕಾಲನ್ನು ಸ್ವಲ್ಪ ಮುಂದೆ ಚಾಚಿದ.

ಆದಮ್ಮ ಬಗ್ಗಿದಳು. ಹಾಗೆಯೇ ಹೊರಳಿ, ಶಂಶಾದ್‌ಬೀಯ ಕೆಸರು ಮೆತ್ತಿದ ಕಾಲ ಬಳಿ ಕಟ್ಟು ಇಟ್ಟಳು.

"ಏ ಹುಚ್ಚಿ, ಧಣಿ ಅಲ್ಲಿ ನಿಂತಾನ," ಎಂದು ಶಂಶಾದ್‌ಬೀ ನಕ್ಕು ಕಾಲು ಹಿಂದೆಳೆದಳು. ಆದಮ್ಮ ಆ ಕಾಲು ಬಿಡಲಿಲ್ಲ.

"ಗಾಡಿ ಬಾಡಿಗೆ ಸುಳ್ಳು, ಶಂಶಾದ್. ಹನುಮಂತಗ ಗೌಡ್ರ ಬ್ಯಾರೆ ಕೊಡ್ತಾರ. ನಿಮ್ಮ ಕೂಲ್ಯಾಗ ಹಿಡದಿದ್ದೆಲ್ಲ ನನ್ನ ಸಾಲಕ್ಕ ಹೋಗೈತಿ. ಮೊದಲ ವರ್ಷದಿಂದ. ನಾ ಗೊತ್ತಿದ್ದ ಮಾಡೀನಿ. ಸಾಲ ತೀರ್ಸಿದಾಕಿ ನಾ ಅಲ್ಲ, ನೀವು."

"ಬಾಯಿ ಮುಚ್ಚಲೇ ಬೋಸುಡಿ," ಎಂದ ಗೌಡ. ನೋಟು ಇನ್ನೂ ಬೆರಳಲ್ಲೇ ಇತ್ತು.

ಯಾರೂ ಅವನ ಕಡೆ ನೋಡಲಿಲ್ಲ. ನಿಶಾತ್ ಒಂದು ಹೆಜ್ಜೆ ಮುಂದೆ ಬಂದಳು.

"ನಾ ಕಾಲೇಜ್ ಬಿಟ್ಟ ವರ್ಷಾನೂ?"

"ಹೂಂ."

"ಆ ಬೆಳೀಗೆ ಎಷ್ಟ್ ಹಿಡದಿದ್ರಿ?"

ಆದಮ್ಮನಿಗೆ ಅದು ಬಾಯಿಪಾಠವಾಗಿತ್ತು. "ಎಲ್ಲಾರದೂ ಕೂಡಿ ಹದಿನಾರು ಸಾವಿರ."

"ನನಗ ಹನ್ನೆರಡು ಬೇಕಿತ್ತು," ಎಂದಳು ನಿಶಾತ್. ಹೊಡೆದಿದ್ದರೆ ಆದಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು.

"ನಿನ್ನ ಸಾಲ ತೀರಿಲ್ಲಲೇ ಆದಿ," ಗೌಡ ಕೂಗಿದ. "ಬಾಂಡ್ ಪೇಪರ್ ನನ್ನ ಕಡೆ ಐತಿ. ಕೋರ್ಟಿಗೆ ಎಳೀತೀನಿ. ಗಂಡನ್ನ ಎತ್ತಿ ಬೀದಿಗೆ ಒಗಸ್ತೀನಿ."

"ಒಗೀರಿ," ಎಂದಳು ಆದಮ್ಮ. "ನಾನೂ ಕೋರ್ಟಿನಾಗ ಇದನ್ನ ಹೇಳ್ತೀನಿ."

ಶಂಶಾದ್‌ಬೀ ತನ್ನ ಕಾಲನ್ನು ಆದಮ್ಮನ ಕೈಯಿಂದ ಬಿಡಿಸಿಕೊಂಡಳು. ಸೆರಗಿನಿಂದ ಮುಖ ಒರೆಸಿಕೊಂಡು, ಬದುವಿನ ಮೇಲೆ ಕೂತಳು. ಅವಳ ಪಕ್ಕ ನಿಶಾತ್ ಕೂತಳು. ಒಬ್ಬೊಬ್ಬರಾಗಿ ಎಲ್ಲರೂ ಕೂತರು.

"ಗೌಡ್ರ, ಇಕೀ ಹಕೀಕತ್ ನಾವು ಆಮ್ಯಾಲ ನೋಡ್ಕೊಂತೀವಿ," ಎಂದಳು ಶಂಶಾದ್‌ಬೀ. "ಮೊದಲು ನೀವು ನಮ್ಮ ರೊಕ್ಕ ತರ್ರಿ. ಒಂಬತ್ತ್ ವರ್ಷದ್ದು. ಅಲ್ಲೀತನ ಒಂದು ಸಸಿ ಹಚ್ಚಂಗಿಲ್ಲ, ಇಲ್ಲಿಂದ ಏಳಂಗೂ ಇಲ್ಲ."

"ಬ್ಯಾರೆ ಗುಂಪು ತರಸ್ತೀನಿ."

"ತರಸ್ರಿ. ಅವ್ರಿಗೂ ಹೇಳ್ತೀವಿ."

ಗೌಡ ಫೋನು ಕಿವಿಗೆ ಹಚ್ಚಿ ಅತ್ತಿಂದಿತ್ತ ತಿರುಗತೊಡಗಿದ. ನಾಟಿಯ ಭರಾಟೆಯಲ್ಲಿ ಖಾಲಿ ಕೈ ಎಲ್ಲೂ ಇರಲಿಲ್ಲ. ಕಿತ್ತ ಸಸಿಯ ತುದಿಗಳು ಬಿಸಿಲಿಗೆ ಬಾಗುತ್ತಿದ್ದವು.

ಆದಮ್ಮ ಸಾಲಿನ ಕೊನೆಗೆ ಹೋಗಿ ಕೂರಲು ನೋಡಿದಳು. ಅಲ್ಲಿದ್ದ ಒಂದು ಮೊಳ ಜಾಗದಲ್ಲಿ ನಿಶಾತ್ ಬುತ್ತಿ ಗಂಟು ಇಟ್ಟಳು, ಅವಳ ಮುಖ ನೋಡದೆಯೇ. ಆದಮ್ಮ ಮತ್ತೆ ಕೆಸರಿಗಿಳಿದು ನಿಂತಳು. ಅದು ನ್ಯಾಯವೆಂದೇ ಅವಳಿಗೆ ಅನ್ನಿಸಿತು.

ಹೊತ್ತು ಇಳಿಯುವಾಗ ಹನುಮಂತು ಗಾಡಿ ತಂದು ಹಾರ್ನ್ ಹೊಡೆದ. ಯಾರೂ ಏಳಲಿಲ್ಲ. ಅವನು ಇಳಿದು ಬಂದು, ಅಭ್ಯಾಸದಂತೆ ಹಲ್ಲು ಕಿರಿದು, ಬೈಗುಳಕ್ಕೆ ಕಾದ.

"ಹನುಮಂತು, ಇಷ್ಟ್ ವರ್ಷ ನಿನಗ ಸುಮ್ನ ಬೈದೀನಪ. ತಪ್ಪಾತು," ಎಂದಳು ಶಂಶಾದ್‌ಬೀ.

ಹನುಮಂತುವಿನ ನಗು ಇಳಿದುಹೋಯಿತು. "ಯಾಕಕ್ಕ, ಏನಾತು? ಯಾರರ ಸತ್ರೇನು?"

ಅವನು ಗದ್ದೆಯೊಳಗೆ ಒಬ್ಬಳೇ ನಿಂತಿದ್ದ ಆದಮ್ಮನನ್ನು ನೋಡಿದ. ಅವಳ ಹಿಂದೆ ಒಂದು ಎಕರೆ ನೀರು ಖಾಲಿ ಬಿದ್ದಿತ್ತು. ಒಂಬತ್ತು ವರ್ಷದಲ್ಲಿ ಮೊದಲ ಸಲ ಆದಮ್ಮ ತಿರುಗಿ ನಿಂತು, ಆಚೆಯ ಬದು ಎಷ್ಟು ದೂರವಿದೆ ಎಂದು ನೋಡಿದಳು.